ಹಾರ ಶಾಲುಗಳಾಚೆಯ ರೋಟರಿ

ಶಿವಮೊಗ್ಗದಲ್ಲಿ ಸಾವಿನ ಮನೆಯವರು ಅಂತ್ಯಕ್ರಿಯೆ ಎಲ್ಲಿ ಎಂದು ಹೇಳುವಾಗ ‘ರೋಟರಿ ಚಿತಾಗಾರ’ ಎನ್ನುತ್ತಾರೆ. 1905ರಲ್ಲಿ ಷಿಕಾಗೋದ ವಕೀಲ ಪಾಲ್ ಹ್ಯಾರಿಸ್ ಕಟ್ಟಿದ ಕ್ಲಬ್ಬಿನ ಹೆಸರು ಮಲೆನಾಡಿನ ಹೆಬ್ಬಾಗಿಲಲ್ಲಿ ಹೀಗೆ ನಿತ್ಯದ ಮಾತಾಗಿದೆ. ಯಾವ ಸನ್ಮಾನ ಫಲಕಕ್ಕೂ ಈ ಭಾಗ್ಯವಿಲ್ಲ.

ಪೋಲಿಯೊ ಕಥೆಯೂ ಅಂಥದ್ದೇ. ಜಗತ್ತಿನ ಮಕ್ಕಳಿಗೆಲ್ಲ ಲಸಿಕೆ ಹಾಕಿಸುವ ಪಣವನ್ನು ರೋಟರಿ ತೊಟ್ಟಿದ್ದು 1985ರಲ್ಲಿ. ಭಾನುವಾರದ ಬೂತಿನಲ್ಲಿ ಅಳುವ ಕೂಸಿನ ಬಾಯಿಗೆ ಎರಡು ಹನಿ, ಎಡಗೈ ಕಿರುಬೆರಳಿಗೆ ಶಾಯಿಯ ಗುರುತು. ಮರುದಿನದಿಂದ ತಪ್ಪಿಸಿಕೊಂಡ ಮಕ್ಕಳಿಗಾಗಿ ಮನೆಮನೆ ಭೇಟಿ. ಸರ್ಕಾರ, ಆಶಾ ಕಾರ್ಯಕರ್ತೆಯರು, ಕ್ಲಬ್ಬುಗಳು ಕೈಜೋಡಿಸಿದ್ದರಿಂದಲೇ 2011ರ ಜನವರಿಯ ಹೌರಾ ಪ್ರಕರಣ ದೇಶದಲ್ಲಿ ವೈಲ್ಡ್ ಪೋಲಿಯೊದ ಕೊನೆಯದಾಯಿತು. 2014ರಲ್ಲಿ ಪೋಲಿಯೊಮುಕ್ತ ಪ್ರಮಾಣಪತ್ರವೂ ಬಂತು.

ಆದರೆ ಪದಗ್ರಹಣ, ಹಾರ, ಶಾಲು, ಪತ್ರಿಕೆಗೊಂದು ಫೋಟೊ ಇಷ್ಟಕ್ಕೇ ವರ್ಷ ಮುಗಿಸುವ ಕ್ಲಬ್ಬುಗಳಿಗೇನೂ ಬರವಿಲ್ಲ. ಅಧ್ಯಕ್ಷರು ಪ್ರತಿ ಜುಲೈಗೆ ಬದಲಾಗುತ್ತಾರೆ, ಅವರ ಜೊತೆ ಯೋಜನೆಯೂ! ಭದ್ರಾವತಿಯನ್ನೇ ನೋಡಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಸೊರಗಿದೆ, ಎಂಪಿಎಂ ಕಾಗದ ಕಾರ್ಖಾನೆ ಸ್ತಬ್ಧವಾಗಿದೆ. ಅಲ್ಲಿನ ಯುವಕರಿಗೆ ಒಂದು ದಿನದ ಶಿಬಿರ ಸಾಲದು. ಐದಾರು ವರ್ಷ ಬಿಡದೆ ನಡೆಯುವ ಕೌಶಲ ತರಬೇತಿ ಬೇಕು. ಶಿವಮೊಗ್ಗ, ಭದ್ರಾವತಿ ಅವಳಿ ಪಟ್ಟಣಗಳ ಕ್ಲಬ್ಬುಗಳು ಕೂಡಿ ಇಂಥದ್ದೊಂದನ್ನು ಶುರುಮಾಡಲಿ, ಮುಂದಿನ ಅಧ್ಯಕ್ಷರೂ ಅದನ್ನೇ ಮುಂದುವರಿಸಲಿ.