ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮಳೆಗಾಲ ಬಂತೆಂದರೆ ಮುಂಬಯಿಯಲ್ಲಿ ಒಂದು ಉಪದೇಶ ಕೇಳಿಬರುತ್ತದೆ: ನಿಂತ ನೀರಿನಲ್ಲಿ ನಡೆಯಬೇಡಿರಿ, ಇಲಿಜ್ವರ ಬಂದೀತು! ಉಪದೇಶ ಸುಳ್ಳಲ್ಲ. ಆದರೆ ಅದನ್ನು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ನಾವು ಕೇಳಬೇಕಾಗಿದೆ. ಗಟಾರಕ್ಕಿಳಿದು ಹೂಳೆತ್ತುವುದೇ ಯಾರ ಹೊಟ್ಟೆಪಾಡೋ, ನಸುಕಿನಲ್ಲಿ ಕಸದ ಲಾರಿಯ ಹಿಂದೆ ಓಡುವುದೇ ಯಾರ ನೌಕರಿಯೋ, ಮೊಣಕಾಲುದ್ದ ನೀರನ್ನು ಹಾಯ್ದು ಹೋಗದಿದ್ದರೆ ಯಾರ ದಿನಗೂಲಿ ತಪ್ಪುವುದೋ, ಅಂಥವರಿಗೆ 'ನೀರಿನಲ್ಲಿ ನಡೆಯಬೇಡ' ಎನ್ನುವುದು ಬುದ್ಧಿವಾದವೋ, ಪರಿಹಾಸ್ಯವೋ?

ಈ ಜ್ವರಕ್ಕೆ ಕಾರಣ ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಜೀವಿ. ಇಲಿ ಹೆಗ್ಗಣಗಳ, ಒಮ್ಮೊಮ್ಮೆ ದನ, ನಾಯಿ, ಹಂದಿಗಳ ಮೂತ್ರದೊಡನೆ ಹೊರಬಿದ್ದು ಅದು ನೀರು ಕೆಸರುಗಳಲ್ಲಿ ಬದುಕಿರುತ್ತದೆ. ಕಾಲಿನ ಒಡಕು, ಕೈಯ ಗಾಯ, ಕಣ್ಣು ಬಾಯಿಗಳ ಮೂಲಕ ಮನುಷ್ಯನ ಮೈ ಸೇರುತ್ತದೆ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಜ್ವರ, ತಲೆನೋವು, ಮೀನಖಂಡಗಳಲ್ಲಿ ತಡೆಯಲಾರದ ನೋವು, ಕಣ್ಣು ಕೆಂಪಾಗುತ್ತದೆ. ಅಲಕ್ಷಿಸಿದರೆ ಕಾಮಾಲೆ ತಲೆದೋರಿ, ಮೂತ್ರಪಿಂಡಗಳು ಕೆಟ್ಟು, ಪ್ರಾಣಕ್ಕೇ ಮುಳುವಾಗಬಹುದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಬಿದ್ದುದನ್ನು ಮುಂಬಯಿಗರು ಮರೆತಿಲ್ಲ. ನೀರು ಇಳಿಯಿತು, ಅದರ ಬೆನ್ನಿಗೇ ಇಲಿಜ್ವರ ಏರಿತು.

ಇದರಲ್ಲಿ ತಪ್ಪು ಯಾರದು? ಇಲಿಯದು ಎನ್ನುವುದು ಸುಲಭ. ಆದರೆ ಇಲಿಯನ್ನು ಸಾಕಿದವರು ಯಾರು? ಹೊತ್ತಿಗೆ ಸರಿಯಾಗಿ ಎತ್ತದ ಕಸ, ಮುಚ್ಚಳವಿಲ್ಲದ ಗಟಾರ, ಗೋದಾಮಿನ ಹಿಂದೆ ಚೆಲ್ಲಿದ ಧಾನ್ಯ ಇವೇ ಅದಕ್ಕೆ ಅನ್ನ. ಮಹಾನಗರಪಾಲಿಕೆಯು ರಾತ್ರಿ ಪಾಳಿಯಲ್ಲಿ ದೊಣ್ಣೆ ಹಿಡಿದು ಇಲಿ ಕೊಲ್ಲುವ ನೌಕರರನ್ನು ಇಟ್ಟಿತು; ರಾತ್ರಿಗೆ 30 ಇಲಿಗಳ ಲೆಕ್ಕ ಒಪ್ಪಿಸಬೇಕೆಂದು ವಿಧಿಸಿತು. ಅನ್ನ ಇರುವಲ್ಲಿ ಇಲಿ ಮರಳಿ ಬಾರದಿದ್ದೀತೆ? ಕೊಲ್ಲುವ ಹೊಲಸು ಕೆಲಸವೂ ಬಡವನದೇ, ಅದರಿಂದ ಬರುವ ರೋಗದ ಭಯವೂ ಬಡವನದೇ! ಗಣಪತಿಯ ವಾಹನವನ್ನು ಕೊಲ್ಲಬಾರದೆಂದು ವಾದಿಸುವವರಿಗೂ ನಮ್ಮದೊಂದು ಮಾತು: ಜೀವದಯೆ ಒಳ್ಳೆಯದೇ. ಆ ದಯೆ ಗಟಾರದಲ್ಲಿ ನಿಂತ ಮನುಷ್ಯನವರೆಗೂ ಹರಿಯಲಿ. ಕಸವನ್ನು ಕಾಲಕಾಲಕ್ಕೆ ತೆಗೆದರೆ ಇಲಿಯನ್ನು ಕೊಲ್ಲುವ ಪ್ರಮೇಯವೇ ಕಡಿಮೆಯಾಗುತ್ತದೆ.

ಇಲ್ಲಿ ನಮ್ಮವರ ತಪ್ಪನ್ನೂ ನಾವು ಮುಚ್ಚಿಡಲಾರೆವು. ಮುಂಬಯಿಯ ಹೋಟೆಲು ಉದ್ಯಮದಲ್ಲಿ ಕನ್ನಡಿಗರು ಹೆಸರು ಗಳಿಸಿದ್ದಾರೆ. ನಮಗೆ ಅದು ಅಭಿಮಾನದ ಸಂಗತಿ. ಆದರೆ ರಾತ್ರಿ ಬಾಗಿಲೆಳೆದ ಮೇಲೆ ಎಂಜಲನ್ನು ಹಿಂದಿನ ಗಲ್ಲಿಯ ಗಟಾರಕ್ಕೆ ಸುರಿಸುವ ಮಾಲಿಕರು ನಮ್ಮಲ್ಲಿ ಯಾರೂ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಅದೇ ಗಲ್ಲಿಯಲ್ಲಿ ಬರಿಗಾಲಲ್ಲಿ ಪಾತ್ರೆ ತೊಳೆಯುವ ಹುಡುಗನೂ ನಮ್ಮ ಊರಿನವನೇ ಆಗಿರಬಹುದು.

ಪ್ರಾಣಿಗಳಿಂದ ಬರುವ ರೋಗದ ಬರೆಯನ್ನು ಬಡವರ ಬೆನ್ನಿಗೆ ಎಳೆಯುವ ರೂಢಿ ಇಂದಿನದಲ್ಲ. 1896ರಲ್ಲಿ ಈ ನಗರದ ಮಾಂಡವಿಯಲ್ಲಿ ಪ್ಲೇಗು ಕಾಣಿಸಿತು. ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಸರಕಾರದವರು ಮನೆ ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ದರು, ಸಾಮಾನು ಸುಟ್ಟರು, ಬಡವರ ಬಿಡಾರಗಳನ್ನು ಕೆಡವಿದರು. ಇಲಿಯ ಮೈಮೇಲಿನ ಚಿಗಟ ಪ್ಲೇಗನ್ನು ಹರಡುತ್ತದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ತೋರಿಸಿಕೊಟ್ಟದ್ದು 1898ರಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ನಮ್ಮ ತಾಯ್ನಾಡಿನ ಕಥೆಯೂ ಬೇರೆಯಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಅದನ್ನು ಹರಡುವುದು ಉಣ್ಣೆ. ಮಂಗ ತಾನೇ ಆ ರೋಗಕ್ಕೆ ಬಲಿ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಸೀಮೆಯಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದಾಗ ಆ ರೋಗ ಭುಗಿಲೆದ್ದಿತು. ಕಾಡು ಕಡಿಯಿರೆಂದು ಅಪ್ಪಣೆ ಕೊಟ್ಟವರ ಮೈಗೆ ಉಣ್ಣೆ ಹತ್ತಲಿಲ್ಲ. ಕೊಡಲಿ ಹಿಡಿದವರನ್ನೂ ಕಟ್ಟಿಗೆ ಆಯ್ದವರನ್ನೂ ಜ್ವರ ಹಿಡಿಯಿತು. ಕಾಡಿನಲ್ಲಿ ಉಣ್ಣೆ, ನಗರದಲ್ಲಿ ಇಲಿ. ಲಾಭ ಒಬ್ಬರದು, ಜ್ವರ ಇನ್ನೊಬ್ಬರದು.

ನಮ್ಮ ಮಾತಿಗೆ ಉತ್ತರ ಸಿದ್ಧವಾಗಿಯೇ ಇದೆ. 'ಗಂಬೂಟು ಕೊಟ್ಟಿದ್ದೇವೆ, ಕಾಮಗಾರರೇ ಹಾಕಿಕೊಳ್ಳುವುದಿಲ್ಲ' ಎನ್ನುತ್ತಾರೆ. ಅಳತೆಗೆ ಹೊಂದದ, ಒಂದೇ ತಿಂಗಳಲ್ಲಿ ಸೀಳುವ, ನೀರು ತುಂಬಿದರೆ ಕಾಲೆತ್ತಲು ಬಾರದ ಬೂಟನ್ನು ತೊಟ್ಟು ಆ ಮಾತನ್ನಾಡುವ ಸಾಹೇಬರು ಒಂದು ದಿನ ಗಟಾರಕ್ಕಿಳಿದು ನೋಡಲಿ. 'ಗುಳಿಗೆ ಕೊಡುತ್ತೇವಲ್ಲ' ಎನ್ನುತ್ತಾರೆ. ನೆರೆಯ ನೀರು ತುಳಿದವರು 72 ಗಂಟೆಗಳೊಳಗೆ ವೈದ್ಯರನ್ನು ಕಂಡು ಡಾಕ್ಸಿಸೈಕ್ಲಿನ್ ಮುಂತಾದ ಔಷಧ ಪಡೆಯಬೇಕೆಂಬ ಸಲಹೆ ಯೋಗ್ಯವಾದುದು. ಅದನ್ನು ಯಾರೂ ಕಡೆಗಣಿಸಬಾರದು. ಆದರೆ ದಿನ ಬೆಳಗಾದರೆ ಅದೇ ನೀರಿನಲ್ಲಿ ನಿಲ್ಲುವವನಿಗೆ 72 ಗಂಟೆಗಳ ಲೆಕ್ಕ ಎಲ್ಲಿಂದ ಆರಂಭವಾಗಬೇಕು? ದವಾಖಾನೆಯ ಸಾಲಿನಲ್ಲಿ ನಿಂತ ಅರ್ಧ ದಿನದ ಕೂಲಿಯನ್ನು ಯಾರು ಕೊಡುತ್ತಾರೆ?

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಸೋಂಕಿನ ವಿಶೇಷ ಅಪಾಯವಿರುವ ಕೆಲಸದಲ್ಲಿ ತಗುಲಿದ ಸಾಂಕ್ರಾಮಿಕ ರೋಗವನ್ನು ಉದ್ಯೋಗರೋಗವೆಂದು 1923ರ ಕಾರ್ಮಿಕ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಸೇರಿಸಲಾಗಿತ್ತು; 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲಿಯೂ ಅದು ಇದೆ. ಅಂದರೆ ಗಟಾರದ ಕಾಮಗಾರನ ಇಲಿಜ್ವರ ಅವನ ಹಣೆಬರಹವಲ್ಲ. ಯಂತ್ರಕ್ಕೆ ಸಿಕ್ಕಿದ ಕೈಯಂತೆ ಅದೂ ಕೆಲಸದಲ್ಲಾದ ಗಾಯವೇ. ಆದರೆ ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನು ತಾನು ಅಲ್ಲಿ ದುಡಿದೆನೆಂದು ಹೇಗೆ ಸಾಧಿಸಿಯಾನು? ಕಾನೂನು ಪುಸ್ತಕದಲ್ಲಿದೆ, ಕಾಮಗಾರ ಪುಸ್ತಕದ ಹೊರಗಿದ್ದಾನೆ!

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಕಸವನ್ನು ರಾತ್ರಿಗೆ ಮುಂಚೆ ಎತ್ತಬೇಕು. ಎಂಜಲು ಸುರಿಯುವ ಅಂಗಡಿ ಹೋಟೆಲುಗಳಿಗೆ, ಅವು ನಮ್ಮವೇ ಆಗಿರಲಿ, ದಂಡ ಹಾಕಬೇಕು. ಅಳತೆಗೆ ಸರಿಯಾದ ಬೂಟು ಕೈಚೀಲಗಳನ್ನು ಕೊಟ್ಟು, ಹರಿದೊಡನೆ ಬದಲಿಸಬೇಕು. ಪ್ರತಿಯೊಂದು ಚೌಕಿಯಲ್ಲಿ ಕೈಕಾಲು ತೊಳೆಯಲು ಶುದ್ಧ ನೀರು, ಸಾಬೂನು ಇರಬೇಕು. ತೊಳೆಯುವ ಹೊತ್ತು ಕೆಲಸದ ಹೊತ್ತೆಂದೇ ಎಣಿಕೆಯಾಗಬೇಕು. ಜ್ವರ ಬಂದವನಿಗೆ ಪಗಾರದ ರಜೆ ಸಿಗಬೇಕು. ಗುತ್ತಿಗೆಯ ಕಾಮಗಾರನ ಹೆಸರು ಮೊದಲ ದಿನವೇ ಹಾಜರಿಗೆ ಏರಬೇಕು.

ಕಾಮಗಾರ ಬಂಧುಗಳಲ್ಲಿಯೂ ನಮ್ಮ ವಿಜ್ಞಾಪನೆ ಇದೆ. ಮಳೆಗಾಲದಲ್ಲಿ ಜ್ವರ ಬಂದರೆ ಅಂಗಡಿಯ ಗುಳಿಗೆ ನುಂಗಿ ಪಾಳಿಗೆ ಹೋಗಬೇಡಿರಿ. ಅಂದೇ ದವಾಖಾನೆಗೆ ಹೋಗಿ, ನೀವು ಮಾಡುವ ಕೆಲಸವೇನೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿರಿ. ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಆ ಚೀಟಿಯೇ ನಾಳೆ ನಿಮ್ಮ ಸಾಕ್ಷಿ. ಒಬ್ಬನ ಚೀಟಿಯನ್ನು ಯಾರೂ ನೋಡಲಿಕ್ಕಿಲ್ಲ. ನೂರು ಜನರ ಚೀಟಿಗಳನ್ನು ಸಂಘವು ಮೇಜಿನ ಮೇಲಿಟ್ಟರೆ ನೋಡಲೇಬೇಕಾಗುತ್ತದೆ. ನಗರದ ಹೊಲಸನ್ನು ಹೊತ್ತವನು ಅದರ ರೋಗದಿಂದ ರಕ್ಷಣೆ ಕೇಳುವುದು ಭಿಕ್ಷೆಯಲ್ಲ. ನಗರವು ಅವನಿಗೆ ತೀರಿಸಬೇಕಾದ ಸಾಲ ಅದು.