ಬೆಟ್ಟಕ್ಕೆ ತಕ್ಕ ಬೂಟು



ಮಳೆ ಬಿತ್ತೆಂದರೆ ನಾಸಿಕದಲ್ಲಿ ನಿಮ್ಮ ಗೆಳೆಯರ ಬಳಗ ಬೆಟ್ಟ ಹತ್ತಲು ಹೊರಡುತ್ತದೆ. ಹೋಗಿ, ಬೇಡವೆನ್ನುವುದಿಲ್ಲ. ಆದರೆ ಬೂಟು ಕೊಳ್ಳುವ ಮುನ್ನ ಏರುವುದೆಲ್ಲಿ ಎಂದು ಯೋಚಿಸಿ.

ಹರಿಹರ ಕೋಟೆಯ ಕಡಿದಾದ ಕಲ್ಲುಮೆಟ್ಟಿಲಿಗೆ ಮೆದು ರಬ್ಬರ್ ಅಟ್ಟೆಯ ಹಗುರ ಬೂಟು ಒಳ್ಳೆಯದು. 1646 ಮೀಟರ್ ಎತ್ತರದ ಕಳಸೂಬಾಯಿಯ ಕೆಸರುದಾರಿಗೆ ಅಟ್ಟೆಯಲ್ಲಿ ಆಳವಾದ ಕಚ್ಚುಗಳಿರಲಿ. ಹೊರೆ ಹೊತ್ತು ನಡೆಯುವವರು ಕಣಕಾಲು ಮುಚ್ಚುವ ಬೂಟು ಆರಿಸಿಕೊಳ್ಳಿ. ಸಂಭಾಜಿನಗರದವರೇ, ಸೇವುಣರ ದೇವಗಿರಿಗೆ, ಅಂದರೆ ಇಂದಿನ ದೌಲತಾಬಾದಿಗೆ, ಸಾದಾ ಬೂಟು ಸಾಕು. ಕತ್ತಲ ದಾರಿಗೆ ಟಾರ್ಚು ಬೇಕು.

ಸಂಜೆ, ದಪ್ಪ ಕಾಲುಚೀಲ ತೊಟ್ಟು ಅಳತೆ ನೋಡಿ. ಬೆರಳ ಮುಂದೆ ಜಾಗವಿಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ.

ಪಾಚಿ ಕಟ್ಟಿದ ಬಂಡೆಯ ಮೇಲೆ ಯಾವ ಬೂಟನ್ನೂ ನಂಬಬೇಡಿ. ಅಲ್ಲಿಂದ ಹಿಂದಿರುಗುವುದೇ ಜಾಣತನ; ಮನೆಯಲ್ಲಿ ಅಪ್ಪ-ಅಮ್ಮ ಕಾಯುತ್ತಿರುತ್ತಾರೆ.