ಗೋದಾಮೂ ಒಂದು ವಿದ್ಯೆ

ಹೊಳಲು, ಹೂವಿನಹಡಗಲಿ ಸೀಮೆಯ ಮಕ್ಕಳೇ, ಮನೆಯ ಹಿರಿಯರನ್ನು ಹಗೇವಿನ ಬಗ್ಗೆ ಕೇಳಿ. ನೆಲದೊಳಗೆ ತೋಡಿದ ಗುಂಡಿ. ಒಳಗೆ ಜೋಳ, ಬಾಯಿಗೆ ಮಣ್ಣು. ಗಾಳಿಯಾಡದ್ದರಿಂದ ಹುಳಕ್ಕೆ ಉಸಿರಿಲ್ಲ, ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ತೊಡಕು ಒಂದೇ: ಬಾಯಿ ತೆಗೆದರೆ ಪೂರ್ತಿ ಖಾಲಿ ಮಾಡಬೇಕು. ಅವಸರದಿಂದ ಇಳಿದವನಿಗೆ ವಿಷಗಾಳಿಯ ಕುತ್ತು ಬೇರೆ.

ಇಂದಿನ ಗೋದಾಮಿನ ಯೋಜನೆ ಈ ತೊಡಕನ್ನೇ ಬಿಡಿಸುತ್ತದೆ. ಮೊದಲು ಬಂದ ಚೀಲ ಮೊದಲು ಹೊರಡಬೇಕು. ಅದಕ್ಕೇ ನಿಟ್ಟುಗಳ ನಡುವೆ ಓಡಾಡುವ ದಾರಿ, ಪ್ರತಿ ನಿಟ್ಟಿಗೆ ದಿನಾಂಕದ ಚೀಟಿ, ತೇವ ಏರದಂತೆ ಚೀಲದಡಿ ಮರದ ಹಲಗೆ. ಸೂರಿನವರೆಗೆ ತುಂಬಿದವನು ಜಾಣನಲ್ಲ! ಮೆಕ್ಕೆಜೋಳದ ತೇವಾಂಶ ಶೇ 14 ಮೀರಿದರೆ ಬೂಷ್ಟು ಹಿಡಿಯುತ್ತದೆ. ಒಳಗೆ ಬಿಡುವ ಮೊದಲೇ ಅಳೆಯಬೇಕು.

ಇದರಲ್ಲಿ ರೈತನ ಹಿತವೂ ಇದೆ. ಸಾಲದ ಒತ್ತಡಕ್ಕೆ ಆತ ಸುಗ್ಗಿಯ ಅಗ್ಗದ ದರಕ್ಕೇ ಮಾರುತ್ತಾನೆ. ನೋಂದಾಯಿತ ಉಗ್ರಾಣದಲ್ಲಿ ಇಟ್ಟರೆ, 2007ರ ಉಗ್ರಾಣ ಕಾಯ್ದೆಯಡಿ ಸಿಗುವ ರಸೀದಿಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆದು, ದರ ಏರುವವರೆಗೆ ಕಾಯಬಹುದು. ಏರಿಯೇ ತೀರುತ್ತದೆಂಬ ಖಾತರಿಯಿಲ್ಲ, ಬಾಡಿಗೆ ಬಡ್ಡಿಗಳ ಲೆಕ್ಕವೂ ಬೇಕು.

ಆ ಲೆಕ್ಕ ಬಲ್ಲವರೇ ಈಗ ಬೇಕಾದವರು. ಗೋದಾಮಿನ ಕೆಲಸವೆಂದರೆ ಹಮಾಲಿಯೆಂದು ಪಾಲಕರು ಮೂಗು ಮುರಿಯುವುದುಂಟು. ಬಿ.ಕಾಂ. ಅಥವಾ ಕೃಷಿ ಪದವಿಯ ನಂತರ ಸರಕು ಪೂರೈಕೆ ನಿರ್ವಹಣೆಯನ್ನೇ ಓದಬಹುದು. ಮೊದಲು ಸುಗ್ಗಿಯಲ್ಲೊಮ್ಮೆ ಕೊಟ್ಟೂರು ಎಪಿಎಂಸಿಗೆ ಮಕ್ಕಳನ್ನು ಕರೆದೊಯ್ಯಿರಿ. ಲಾರಿಗಳು ಎಷ್ಟು ಹೊತ್ತು, ಏಕೆ ಕಾಯುತ್ತವೆಂದು ಅವರೇ ಬರೆದುಕೊಳ್ಳಲಿ.